ಬಾಗಿಲು ಹಾಕಿಕೊಂಡು ಸ್ನಾನ

ಅಮ್ಮ ಬಿದ್ದಿದ್ದು ನನಗೆ ಗೊತ್ತಾಗಿದ್ದು ಎರಡು ದಿನ ಆದ ಮೇಲೆ. ಅದೂ ಅವಳಾಗಿ ಹೇಳಿದ್ದಲ್ಲ. ಫೋನಿನಲ್ಲಿ ಅವಳ ದನಿ ಯಾಕೋ ಸರಿ ಇಲ್ಲ ಅನ್ನಿಸಿತು, ಹೋಗಿ ನೋಡಿದೆ. ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಸೊಂಟದ ಪಕ್ಕ ಕಪ್ಪುಗಟ್ಟಿತ್ತು. ಕೇಳಿದರೆ "ಏನಿಲ್ಲ ಕಣೇ, ಸುಮ್ನೆ ಜಾರಿದೆ" ಎಂದಳು. ಆಮೇಲೆ ನಿಧಾನಕ್ಕೆ ಬಾಯಿಬಿಟ್ಟಳು. ರಾತ್ರಿ ಬಚ್ಚಲಿಗೆ ಹೋಗಲು ಹಾಸಿಗೆಯಿಂದ ಎದ್ದಿದ್ದಾಳೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಣ್ಣು ಕತ್ತಲೆ ಬಂದಿದೆ. ಬಿದ್ದ ಮೇಲೆ ಏಳಲು ಆಗಲೇ ಇಲ್ಲ. ಬೆಳಗಾಗುವವರೆಗೆ ನೆಲದ ಮೇಲೆಯೇ ಇದ್ದಳು. ಅವಳಿಗೆ ಆಗ 79 ವರ್ಷ.

ಅದೃಷ್ಟಕ್ಕೆ ಮೂಳೆ ಮುರಿದಿರಲಿಲ್ಲ. ಆದರೆ ನನ್ನ ಧೈರ್ಯ ಹೋಗಿತ್ತು. "ನಮ್ಮ ಮನೆಗೆ ಬಂದುಬಿಡು" ಎಂದೆ. "ಬರಲ್ಲ" ಎಂದಳು. ಮೂರು ವಾರ ಇದೇ ಜಗಳ. ಕೊನೆಗೆ ನಾನೇ ಅವಳ ಮನೆಗೆ ಹೋಗಿ ಉಳಿದೆ. ಒಬ್ಬಳೇ ಹೊರಗೆ ಹೋಗಬೇಡ ಎಂದೆ. ಸ್ನಾನಕ್ಕೆ ಜೊತೆಗೆ ನಿಂತೆ. ಬಟ್ಟೆ ಮಡಚಲು ಕೂಡ ಬಿಡಲಿಲ್ಲ. ಕೂತಲ್ಲಿಗೇ ಎಲ್ಲ ತಂದುಕೊಟ್ಟೆ. ಅದೇ ಪ್ರೀತಿ ಅಂದುಕೊಂಡಿದ್ದೆ.

ಒಂದು ತಿಂಗಳಲ್ಲಿ ಅಮ್ಮ ಮೊದಲಿಗಿಂತ ಸೋತುಹೋದಳು. ಕುರ್ಚಿಯಿಂದ ಏಳಲು ಎರಡು ಕೈ ಊರಬೇಕಾಯಿತು. ಮಾತು ಕಡಿಮೆ ಆಯಿತು. ವಯಸ್ಸಾದವರಲ್ಲಿ ಕಾಲಿನ ಶಕ್ತಿ ಎಷ್ಟು ಬೇಗ ಇಳಿದುಹೋಗುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಕೆಲವೇ ದಿನ ಮಲಗಿದರೂ, ಕೂತೇ ಇದ್ದರೂ ಸಾಕು. ಹೋದ ಶಕ್ತಿ ವಾಪಸ್ ಬರಲು ಮಾತ್ರ ಎಷ್ಟೋ ವಾರ ಬೇಕು.

ಹಿರಿಯರು ತಮ್ಮ ಮನೆಯಲ್ಲೇ ಇದ್ದು ಬದುಕಲು ನೆರವಾಗುವ ಸಮುದಾಯ ಸೇವೆ ಒಂದಿದೆ, ಅವರಿಗೆ ಫೋನ್ ಮಾಡಿ ನೋಡಿ ಎಂದು ಹೇಳಿದವರು ಅಮ್ಮನ ಡಾಕ್ಟರು. ಫೋನ್ ಮಾಡಿದೆ. ಆ ಕಡೆಯವರು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿದರು. ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ, ನಿಂತಾಗ ತೂಕ ತಪ್ಪುತ್ತಾ, ಬೀಳುವ ಭಯ ಇದೆಯಾ, ಎಷ್ಟು ಮಾತ್ರೆ ತಗೋತಾರೆ, ಕನ್ನಡಕ ಕೊನೆಗೆ ಬದಲಾಯಿಸಿದ್ದು ಯಾವಾಗ. ಎಷ್ಟೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬರಲು ಐದು ವಾರ ಆಗುತ್ತದೆ ಎಂದರು. ಆ ಐದು ವಾರ ತುಂಬ ಕಷ್ಟವಾಯಿತು. ಬಿದ್ದವರನ್ನು ಇಷ್ಟು ದಿನ ಕಾಯಿಸಬಾರದು ಅಂತ ಈಗಲೂ ಅನ್ನಿಸುತ್ತದೆ. ನೀವು ಇಂಥ ಸೇವೆಗೆ ಹೆಸರು ಕೊಡುವ ಯೋಚನೆಯಲ್ಲಿದ್ದರೆ ತಡ ಮಾಡಬೇಡಿ. ಬಿದ್ದ ಮೇಲೆ ಅಲ್ಲ, ನಡಿಗೆ ತಡವರಿಸಲು ಶುರುವಾದಾಗಲೇ ಕೊಡಿ. ಕಾಯುವ ದಿನಗಳಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಬರೆಯಿರಿ: ಯಾವಾಗ ತಲೆ ತಿರುಗಿತು, ಎಲ್ಲಿ ಎಡವಿದರು, ಅದಕ್ಕೆ ಮೊದಲು ಏನು ಮಾಡುತ್ತಿದ್ದರು. ನಾನು ಬರೆದಿಟ್ಟ ಎರಡು ಪುಟ ಆಮೇಲೆ ತುಂಬಾ ಉಪಯೋಗಕ್ಕೆ ಬಂತು.

ಮೊದಲ ದಿನ ಇಬ್ಬರು ಬಂದರು. ಒಬ್ಬರು ನರ್ಸ್, ಇನ್ನೊಬ್ಬರು ಆಕ್ಯುಪೇಶನಲ್ ಥೆರಪಿಸ್ಟ್. ಏಳೋದು, ಕೂರೋದು, ಸ್ನಾನ, ಬಟ್ಟೆ, ಅಡುಗೆಯಂಥ ದಿನದ ಕೆಲಸಗಳನ್ನು ಒಬ್ಬರು ತಾವಾಗಿ ಮಾಡಿಕೊಳ್ಳುವಂತೆ ದಾರಿ ಹುಡುಕಿಕೊಡುವುದು ಈ ಥೆರಪಿಸ್ಟ್ ಕೆಲಸ. ಆಕೆ ನನ್ನ ಪಕ್ಕದ ಕುರ್ಚಿ ಬಿಟ್ಟು ಅಮ್ಮನ ಎದುರಿಗೆ ಕೂತರು. ಪ್ರಶ್ನೆ ಎಲ್ಲ ಅಮ್ಮನಿಗೇ. ಅಭ್ಯಾಸಬಲದಿಂದ ನಾನು ಉತ್ತರ ಕೊಡುತ್ತಿದ್ದೆ. ಎರಡು ಸಲ ಸುಮ್ಮನಿದ್ದರು. ಮೂರನೇ ಸಲ ನನ್ನ ಕಡೆ ತಿರುಗಿ, "ನೀವು ಹೇಳೋದನ್ನೂ ಕೇಳ್ತೀನಿ, ಆಮೇಲೆ. ಈಗ ಅಮ್ಮ ಹೇಳಲಿ" ಎಂದರು. ಮೆಲ್ಲಗೇ ಹೇಳಿದರು. ನನಗೆ ಚುರುಕ್ ಅಂತು.

ಅವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಸ್ನಾನ, ಬಟ್ಟೆ ಹಾಕಿಕೊಳ್ಳೋದು, ಶೌಚಕ್ಕೆ ಹೋಗೋದು, ಹಾಸಿಗೆ ಕುರ್ಚಿಯಿಂದ ಏಳೋದು, ಮಲಮೂತ್ರದ ಮೇಲೆ ಹಿಡಿತ, ಊಟ. ಈ ಆರು ಕೆಲಸದ ಪಟ್ಟಿಯನ್ನು ಸಿಡ್ನಿ ಕಾಟ್ಜ್ ಎಂಬ ಡಾಕ್ಟರು 1963ರಲ್ಲಿ ಕೊಟ್ಟರಂತೆ, ಇವತ್ತಿಗೂ ಎಷ್ಟೋ ಕಡೆ ಅದನ್ನೇ ಬಳಸುತ್ತಾರೆ. ಇನ್ನೊಂದು ಪಟ್ಟಿ 1969ರದು, ಲಾಟನ್ ಮತ್ತು ಬ್ರೋಡಿ ಅವರದು. ಅದರಲ್ಲಿ ಫೋನ್, ಅಂಗಡಿ, ಅಡುಗೆ, ಮಾತ್ರೆ, ಹಣದ ಲೆಕ್ಕ ಇಂಥವು ಬರುತ್ತವೆ. ಮೊದಲೇ ಕಳಿಸಿದ್ದ ಫಾರಂನಲ್ಲಿ ನಾನು ಸ್ನಾನ, ಬಟ್ಟೆ, ಅಡುಗೆ ಎಲ್ಲದರ ಮುಂದೆ "ಸಹಾಯ ಬೇಕು" ಎಂದು ಗುರುತು ಹಾಕಿದ್ದೆ. ಥೆರಪಿಸ್ಟ್ ಅದನ್ನು ಪಕ್ಕಕ್ಕಿಟ್ಟು, "ಒಂದು ಸಲ ತೋರಿಸ್ತೀರಾ ಅಮ್ಮಾ?" ಎಂದರು. ಅಮ್ಮ ಎದ್ದು ಹೋಗಿ ಬೇರೆ ಬಟ್ಟೆ ಹಾಕಿಕೊಂಡು ಬಂದಳು. ಹದಿನೈದು ನಿಮಿಷ ಹಿಡಿಯಿತು. ಯಾರೂ ಮುಟ್ಟಲಿಲ್ಲ. ಥೆರಪಿಸ್ಟ್ ನನ್ನ ಗುರುತನ್ನು ಹೊಡೆದು "ತಾವೇ ಮಾಡುತ್ತಾರೆ, ಸಮಯ ಬೇಕು" ಎಂದು ಬರೆದರು.

ಆಮೇಲೆ ಕೇಳಿದರು, "ನಿಮಗೆ ಯಾವುದು ಮತ್ತೆ ನೀವೇ ಮಾಡೋ ಹಾಗಾಗಬೇಕು?"

ಇಷ್ಟು ದಿನದಲ್ಲಿ ನಾನು ಅಮ್ಮನಿಗೆ ಈ ಪ್ರಶ್ನೆ ಕೇಳಿರಲೇ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಕೈ ನೋಡಿಕೊಂಡಳು. "ಬಾಗಿಲು ಹಾಕಿಕೊಂಡು ಸ್ನಾನ ಮಾಡಬೇಕು" ಎಂದಳು. ತುಸು ತಡೆದು, "ಲೈಬ್ರರಿಗೆ ಹೋಗಬೇಕು. ಒಬ್ಬಳೇ" ಎಂದು ಸೇರಿಸಿದಳು. ಅಷ್ಟೇ. ಥೆರಪಿಸ್ಟ್ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಮುಂದಿನ ಮೂರು ತಿಂಗಳ ಯೋಜನೆ ಎಲ್ಲ ಆ ಎರಡು ಸಾಲಿನ ಮೇಲೆ ನಿಂತಿತು.

ನರ್ಸ್ ಮಾಡಿದ ಪರೀಕ್ಷೆಗಳು ನೋಡಲು ತೀರಾ ಸರಳ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಎಂದು ಎಣಿಸುತ್ತಾರೆ. ಅಮ್ಮನಿಗೆ 19 ಸೆಕೆಂಡ್ ಹಿಡಿಯಿತು. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ಹತ್ತು ಸೆಕೆಂಡ್ ನಿಲ್ಲಬೇಕು. ನಾಲ್ಕಕ್ಕೇ ತೂಗಾಡಿದಳು.

ಆದರೆ ಕಣ್ಣು ತೆರೆಸಿದ್ದು ಬಿಪಿ. ಅಮ್ಮನನ್ನು ಐದು ನಿಮಿಷ ಮಲಗಿಸಿ ನೋಡಿದರು, ಆಮೇಲೆ ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿದರು. ಮಲಗಿದ್ದಾಗ ಮೇಲಿನ ಅಂಕಿ 138 ಇತ್ತು, ನಿಂತಾಗ 112ಕ್ಕೆ ಇಳಿಯಿತು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಎಚ್ಚರಿಕೆಯ ಗಂಟೆ. ನಿಂತ ಕೂಡಲೇ ರಕ್ತ ಕಾಲಿನ ಕಡೆ ಇಳಿಯುತ್ತದೆ. ಚಿಕ್ಕ ವಯಸ್ಸಿನಲ್ಲಿ ರಕ್ತನಾಳಗಳು ತಕ್ಷಣ ಬಿಗಿಯಾಗಿ ಅದನ್ನು ಸರಿದೂಗಿಸುತ್ತವೆ. ವಯಸ್ಸಾದಂತೆ ಅದು ನಿಧಾನವಾಗುತ್ತದೆ. ಕೆಲವು ಮಾತ್ರೆಗಳು ಅದನ್ನು ಇನ್ನಷ್ಟು ತಡ ಮಾಡುತ್ತವೆ. ಅಂದರೆ ಅಮ್ಮ ಅವತ್ತು ರಾತ್ರಿ ಜಾರಿದ್ದಲ್ಲ. ಡಾಕ್ಟರ ಹತ್ತಿರ ಎಷ್ಟು ಸಲ ಹೋಗಿದ್ದೆವು! ಪ್ರತಿ ಸಲ ಕೂರಿಸಿಯೇ ಬಿಪಿ ನೋಡಿದ್ದರು. ನಿಮ್ಮ ಮನೆಯ ಹಿರಿಯರಿಗೆ ಎದ್ದಾಗ ತಲೆ ತಿರುಗುತ್ತಿದ್ದರೆ ನಿಲ್ಲಿಸಿ ನೋಡಿ ಎಂದು ಬಾಯಿಬಿಟ್ಟು ಕೇಳಿ.

ಮುಂದೆ ಮಾತ್ರೆಗಳ ವಿಚಾರ. ಮನೆಯಲ್ಲಿರುವ ಎಲ್ಲ ಔಷಧಿ ಒಂದು ಚೀಲಕ್ಕೆ ತುಂಬಿ ತನ್ನಿ, ಡಬ್ಬಿ ಸಮೇತ, ಹಳೆಯದನ್ನೂ ಬಿಡಬೇಡಿ ಎಂದಿದ್ದರು. ಡಾಕ್ಟರು ಬರೆದಿದ್ದು ಏಳು. ಚೀಲದಲ್ಲಿ ಸಿಕ್ಕಿದ್ದು ಒಂಬತ್ತು. ಒಂದು ನಿದ್ದೆ ಮಾತ್ರೆ, ಯಾವತ್ತೋ ಎರಡು ವಾರಕ್ಕೆಂದು ಬರೆದಿದ್ದು, ವರ್ಷಗಟ್ಟಲೆ ಮುಂದುವರಿದಿತ್ತು. ಇನ್ನೊಂದು ಅಲರ್ಜಿ ಮಾತ್ರೆ, ಮಂಪರು ಬರಿಸುವ ಹಳೆಯ ಬಗೆಯದು, ಅಮ್ಮ ತಾನೇ ಅಂಗಡಿಯಿಂದ ತಂದುಕೊಂಡಿದ್ದಳು. ಹಿರಿಯರಿಗೆ ಆದಷ್ಟು ತಪ್ಪಿಸಬೇಕಾದ ಔಷಧಿಗಳ ಪಟ್ಟಿಯನ್ನು ಮಾರ್ಕ್ ಬೀರ್ಸ್ ಎಂಬ ಡಾಕ್ಟರು ಮತ್ತು ಅವರ ಜೊತೆಯವರು 1991ರಲ್ಲೇ ಮಾಡಿದ್ದರು. ಇವತ್ತು ಜಾರಿಯಲ್ಲಿರುವ ಆ ಪಟ್ಟಿಯಲ್ಲಿ ಈ ಎರಡೂ ಬಗೆಯ ಮಾತ್ರೆಗಳಿವೆ. ಅಲರ್ಜಿ ಮಾತ್ರೆ ಅಂದೇ ನಿಂತಿತು. ನಿದ್ದೆ ಮಾತ್ರೆಯನ್ನು ಮಾತ್ರ ಒಮ್ಮೆಲೇ ಬಿಡಿಸಲಿಲ್ಲ. ಹಾಗೆ ಬಿಟ್ಟರೆ ಬೇರೆ ತೊಂದರೆ ಆಗುತ್ತದೆ ಎಂದು ಡಾಕ್ಟರು ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿದರು. ಬಿಪಿ ಮಾತ್ರೆಯ ಪ್ರಮಾಣವನ್ನೂ ಅವರೇ ಬದಲಾಯಿಸಿದರು. ಮೊದಲ ಎರಡು ವಾರ ಅಮ್ಮನಿಗೆ ನಿದ್ದೆ ಇಲ್ಲ, ಸಿಡುಕು. ಆಮೇಲೆ ಬೆಳಗ್ಗೆ ಏಳುವಾಗ ಮುಖವೇ ಬೇರೆ ಥರ ಇರುತ್ತಿತ್ತು.

ಥೆರಪಿಸ್ಟ್ ಮನೆ ನೋಡಿದ ರೀತಿ ನನಗೆ ತುಂಬ ಹಿಡಿಸಿತು. ಹಾಸಿಗೆಯಿಂದ ಬಚ್ಚಲಿಗೆ ಅಮ್ಮ ಹೇಗೆ ಹೋಗುತ್ತಾಳೋ ಹಾಗೇ ಹೋಗಲು ಹೇಳಿ, ಹಿಂದಿನಿಂದ ತಾವು ನಡೆದರು. ಅಮ್ಮ ಎಲ್ಲೆಲ್ಲಿ ಕೈ ಊರುತ್ತಾಳೆ ಎಂದು ನೋಡಿದರು. ಬಾಗಿಲ ಚೌಕಟ್ಟು, ಮೇಜಿನ ಅಂಚು, ಬಚ್ಚಲಿನಲ್ಲಿ ಟವೆಲ್ ಹಾಕುವ ಸರಳು. ಆ ಸರಳನ್ನು ಅವರು ಹಿಡಿದು ಅಲ್ಲಾಡಿಸಿದರು. ಗೋಡೆಯಿಂದ ಅರ್ಧ ಕಿತ್ತು ಬಂತು. ಅಮ್ಮ ದಿನಾ ಒದ್ದೆ ನೆಲದ ಮೇಲೆ ನಿಂತು ಇಡೀ ಮೈಭಾರ ಹಾಕುತ್ತಿದ್ದುದು ಅದರ ಮೇಲೆ. ಟವೆಲ್ ಸರಳು ಟವೆಲ್‌ನ ಭಾರಕ್ಕೆ ಮಾತ್ರ.

ಗೋಡೆಗೆ ಗಟ್ಟಿಯಾಗಿ ಕೂರಿಸುವ ಹಿಡಿಕೆಗಳು, ಸ್ನಾನಕ್ಕೆ ಕೂರಲು ರಬ್ಬರ್ ಕಾಲಿನ ಕುರ್ಚಿ, ಕೈಯಲ್ಲಿ ಹಿಡಿದುಕೊಳ್ಳುವ ಶವರ್, ಜಾರದ ನೆಲಹಾಸು, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ತಾನಾಗಿ ಹೊತ್ತಿಕೊಳ್ಳುವ ಸಣ್ಣ ದೀಪಗಳು. ಇವಿಷ್ಟು ಬೇಕು ಎಂದು ಬರೆದರು. ಬಾಗಿಲಿನ ವಿಷಯಕ್ಕೆ ಬಂದಾಗ ನಾನು, "ಚಿಲಕ ತೆಗೆಸಿಬಿಡೋಣ" ಎಂದೆ. ಥೆರಪಿಸ್ಟ್ ಒಪ್ಪಲಿಲ್ಲ. ಒಳಗಿನಿಂದ ಹಾಕಿಕೊಳ್ಳಬಹುದಾದ, ಆದರೆ ತುರ್ತಿಗೆ ಹೊರಗಿನಿಂದ ಒಂದು ನಾಣ್ಯ ತಿರುಗಿಸಿ ತೆಗೆಯಬಹುದಾದ ಚಿಲಕ ಇದೆ ಎಂದರು. ಬಾಗಿಲು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿ ಹಾಕಿಸಿ ಎಂದರು. ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಸಹಾಯಕ್ಕೆ ಬಂದವರು ಒಳಗೆ ಹೋಗಲು ಆಗುವುದಿಲ್ಲ. ಇಷ್ಟು ಸಣ್ಣ ಬದಲಾವಣೆಯಿಂದ ಅಮ್ಮನ ಮೊದಲ ಸಾಲಿಗೆ ದಾರಿ ಆಯಿತು. ನಾನು ಅಮ್ಮನಿಂದ ಅದನ್ನೇ ಕಿತ್ತುಕೊಳ್ಳಲು ಹೊರಟಿದ್ದೆ.

ಮಂಚದ ಪಕ್ಕದ ಜಮಖಾನ ತೆಗೆಯಲು ಮಾತ್ರ ಅಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅದು ಅಪ್ಪ ತಂದಿದ್ದು. ಅಂಚು ಮಡಚಿಕೊಂಡು ಕಾಲಿಗೆ ಸಿಕ್ಕುತ್ತಿತ್ತು. ಥೆರಪಿಸ್ಟ್ ಒತ್ತಾಯ ಮಾಡಲಿಲ್ಲ, ಅಪ್ಪನ ಬಗ್ಗೆ ಕೇಳಿದರು. ಅರ್ಧ ಗಂಟೆ ಮಾತಾದ ಮೇಲೆ ಅಮ್ಮನೇ, "ಕುರ್ಚಿ ಮೇಲೆ ಹಾಸಿದರೆ ಆಗುತ್ತಲ್ವಾ?" ಎಂದಳು. ಈಗ ಅದು ಅವಳು ಕೂರುವ ಕುರ್ಚಿಯ ಮೇಲಿದೆ.

ಎಲ್ಲವೂ ಸಲೀಸಾಗಿ ಆಯಿತು ಅಂತಲ್ಲ. ಹಿಡಿಕೆ ಹಾಕಲು ಬಂದವರು ಗೋಡೆಯ ಮೇಲೆ ಥೆರಪಿಸ್ಟ್ ಮಾಡಿದ್ದ ಗುರುತು ನೋಡದೆ ತಮಗೆ ಸರಿ ಕಂಡ ಎತ್ತರಕ್ಕೆ ಹಾಕಿ ಹೋದರು. ಅಮ್ಮನಿಗೆ ಎಟುಕಲೇ ಇಲ್ಲ. ಮತ್ತೆ ಕರೆಸಿ ಸರಿ ಮಾಡಿಸಲು ಹತ್ತು ದಿನ ಹೋಯಿತು. ಹಿಡಿಕೆ ಹಾಕುವಾಗ ಅದನ್ನು ಬಳಸುವವರು ಅಲ್ಲೇ ನಿಂತು, ಕೂತು ತೋರಿಸಬೇಕು. ಬೇರೆಯವರ ಅಳತೆ ಕೆಲಸಕ್ಕೆ ಬರುವುದಿಲ್ಲ.

ಬೆಳಗ್ಗೆ ಒಂದು ಗಂಟೆ ಸಹಾಯಕ್ಕೆಂದು ಬಂದ ಮೊದಲ ಹೆಣ್ಣುಮಗಳೂ ಹಾಗೇ. ಕೆಟ್ಟವಳಲ್ಲ, ತುಂಬ ಚುರುಕು. ಆದರೆ ಅವಳಿಗೆ ಮುಂದಿನ ಮನೆಗೆ ಹೋಗುವ ಅವಸರ. ಐದೇ ನಿಮಿಷದಲ್ಲಿ ಅಮ್ಮನಿಗೆ ಬಟ್ಟೆ ತೊಡಿಸಿ ಮುಗಿಸುತ್ತಿದ್ದಳು. ಒಂದು ದಿನ ಅಮ್ಮ ಅವಳ ಕೈ ಹಿಡಿದು, "ಗುಂಡಿ ನಾನು ಹಾಕಿಕೊಳ್ತೀನಮ್ಮ" ಎಂದಳಂತೆ. ಅದನ್ನು ನನಗೆ ಹೇಳುವಾಗ ಅಮ್ಮನ ಕಣ್ಣು ತುಂಬಿತ್ತು. ಸೇವೆಯವರಿಗೆ ಫೋನ್ ಮಾಡಿದೆ. ಅವರು ಬೇಸರ ಮಾಡಿಕೊಳ್ಳದೆ ಕೇಳಿಸಿಕೊಂಡರು. ತಾವು ಮಾಡಿಕೊಡುವುದಲ್ಲ, ಜೊತೆಗಿದ್ದು ಅವರೇ ಮಾಡುವಂತೆ ಮಾಡುವುದು ಎಂಬ ಪದ್ಧತಿಯ ತರಬೇತಿ ಆಗಿರುವ ಬೇರೊಬ್ಬರನ್ನು ಕಳಿಸಿದರು. ಡೆನ್ಮಾರ್ಕಿನ ಫ್ರೆಡರಿಸಿಯಾ ಎಂಬ ಊರಿನಲ್ಲಿ 2008ರಲ್ಲಿ ಈ ರೀತಿ ದೊಡ್ಡದಾಗಿ ಶುರು ಮಾಡಿದರಂತೆ. ಮನೆಗೆಲಸಕ್ಕೆ ಆಳು ಕೊಡುವ ಮೊದಲು ಕೆಲವು ವಾರ ಆ ಕೆಲಸವನ್ನೇ ಮತ್ತೆ ಕಲಿಸಿಕೊಡುವುದು. 2015ರಿಂದ ಅಲ್ಲಿ ಅದು ಕಾನೂನಿನಲ್ಲೇ ಇದೆ. ಹೊಸದಾಗಿ ಬಂದಾಕೆ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಅಮ್ಮ ಹದಿನೈದು ನಿಮಿಷ ತಗೊಂಡು ಬಟ್ಟೆ ಹಾಕಿಕೊಳ್ಳುತ್ತಿದ್ದಳು. ಎರಡು ತಿಂಗಳಾದ ಮೇಲೆ ದಿನಾ ಬರುವ ಅಗತ್ಯ ಇಲ್ಲ ಎಂದು ಅವರೇ ಹೇಳಿದರು. ವಾರಕ್ಕೆ ಎರಡು ದಿನ ಸಾಕಾಯಿತು.

ವ್ಯಾಯಾಮ ಕಲಿಸಿದ್ದು ಫಿಸಿಯೋಥೆರಪಿಸ್ಟ್. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ ಅದು. ವಾರಕ್ಕೆ ಮೂರು ಸಲ ಅರ್ಧ ಗಂಟೆ ಕಾಲಿನ ಶಕ್ತಿಗೆ ಮತ್ತು ಸಮತೋಲಕ್ಕೆ, ಜೊತೆಗೆ ವಾರಕ್ಕೆ ಎರಡು ಸಲ ನಡಿಗೆ. ಅದನ್ನು ಮಾಡಿದವರಲ್ಲಿ ಬೀಳುವುದು ಸುಮಾರು 35 ಶೇಕಡ ಕಡಿಮೆ ಆಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಕುರ್ಚಿಯಿಂದ ಎದ್ದು ಕೂರೋದು, ತುದಿಗಾಲಲ್ಲಿ ನಿಲ್ಲೋದು, ಪಕ್ಕಕ್ಕೆ ನಡೆಯೋದು, ಪಾದದ ಹಿಂದೆ ಪಾದ ಇಟ್ಟು ನಡೆಯೋದು. ಮನೆಯಲ್ಲಿ ಒಬ್ಬಳೇ ಮಾಡಲು ಅಮ್ಮನಿಗೆ ಬೇಜಾರು. ಆದರೆ ವಾರಕ್ಕೊಮ್ಮೆ ಸಮುದಾಯ ಭವನದಲ್ಲಿ ಗುಂಪಿನ ತರಗತಿ ಇರುತ್ತಿತ್ತು. ಕರೆದುಕೊಂಡು ಹೋಗಲು ವ್ಯಾನ್ ಬರುತ್ತಿತ್ತು. ಮೊದಲ ದಿನ ಹೋಗಲ್ಲ ಎಂದು ಹಟ ಹಿಡಿದವಳು ಮೂರನೇ ವಾರ ವ್ಯಾನ್ ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಆ ತರಗತಿಯಲ್ಲಿ ಕಲಿಸಿದ ಒಂದು ವಿಷಯವನ್ನು ಬಿಡದೆ ಹೇಳಬೇಕು. ಬಿದ್ದ ಮೇಲೆ ಏಳುವುದು ಹೇಗೆ ಅನ್ನೋದು. ಬಿದ್ದ ಪೆಟ್ಟಿಗಿಂತ ಎಷ್ಟೋ ಸಲ ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದೇ ಹೆಚ್ಚು ಕೆಡಕು. ಮೈ ತಣ್ಣಗಾಗುತ್ತದೆ, ನೀರಿನ ಅಂಶ ಕಡಿಮೆ ಆಗುತ್ತದೆ, ಒತ್ತಿಕೊಂಡ ಜಾಗದಲ್ಲಿ ಚರ್ಮ ಮತ್ತು ಸ್ನಾಯು ಕೆಡುತ್ತದೆ. ತಕ್ಷಣ ಏಳಬಾರದು. ಮೊದಲು ಉಸಿರು ಹಿಡಿತಕ್ಕೆ ತಂದುಕೊಂಡು, ಕೈಕಾಲು ಮೆಲ್ಲಗೆ ಆಡಿಸಿ ನೋಡಬೇಕು. ತೀರಾ ನೋವಿದ್ದರೆ ಏಳುವ ಪ್ರಯತ್ನ ಬೇಡ, ಸಹಾಯಕ್ಕೆ ಕರೆಯಬೇಕು, ಕೈಗೆ ಸಿಕ್ಕ ಬಟ್ಟೆ ಹೊದ್ದುಕೊಳ್ಳಬೇಕು. ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಕೈ ಮಂಡಿ ಊರಿ, ಅಲ್ಲಾಡದ ಕುರ್ಚಿಯ ಹತ್ತಿರ ಅಂಬೆಗಾಲಿಡಬೇಕು. ಎರಡು ಕೈ ಕುರ್ಚಿಯ ಮೇಲಿಟ್ಟು, ಶಕ್ತಿ ಇರುವ ಕಾಲಿನ ಪಾದ ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂರಬೇಕು. ಇಪ್ಪತ್ತು ಮಂದಿ ಹಿರಿಯರು ಚಾಪೆಯ ಮೇಲೆ ಮಲಗಿ, ಒಬ್ಬೊಬ್ಬರಾಗಿ ಎದ್ದು ಕೂತಿದ್ದನ್ನು ನಾನು ಕಣ್ಣಾರೆ ನೋಡಿದೆ. ಅಮ್ಮ ಮೊದಲ ಸಲ ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖದಲ್ಲಿದ್ದ ಭಯ ಅವತ್ತು ಅರ್ಧ ಇಳಿಯಿತು.

ಲೈಬ್ರರಿಗೆ ಊರುಗೋಲು ಹಿಡಿದು ಹೋಗಲು ಅಮ್ಮನಿಗೆ ಮೊದಲು ಸಂಕೋಚ. ಮನೆಯಲ್ಲಿದ್ದ ಕೋಲು ಉದ್ದ ಬೇರೆ ಇತ್ತು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು ಎಂದು ಫಿಸಿಯೋಥೆರಪಿಸ್ಟ್ ಅಳತೆ ಮಾಡಿ ಹೊಸದು ಕೊಟ್ಟರು. ನೋವಿರುವ ಕಾಲು ಎಡಗಡೆಯದಾದರೆ ಕೋಲು ಬಲಗೈಯಲ್ಲಿ ಹಿಡಿಯಬೇಕು. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ, ಅಮ್ಮನೂ ಹಾಗೇ ಮಾಡುತ್ತಿದ್ದಳು. ಮೂರು ದಿನ ಅವರು ಜೊತೆಗೆ ಬಂದರು. ಎಲ್ಲಿ ರಸ್ತೆ ದಾಟಬೇಕು, ಎಲ್ಲಿ ಕಾಲುದಾರಿ ಒಡೆದಿದೆ, ಸುಸ್ತಾದರೆ ಎಲ್ಲಿ ಕೂರಬಹುದು, ಎಲ್ಲ ನೋಡಿಕೊಂಡರು. ನಾಲ್ಕನೇ ದಿನ ಅಮ್ಮ ಒಬ್ಬಳೇ ಹೋದಳು. ನಾನು ಅವಳ ಮನೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಒಂದೂವರೆ ಗಂಟೆ ಆದ ಮೇಲೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಮಾರನೇ ದಿನ ನಾನು ನನ್ನ ಮನೆಗೆ ಹೊರಟೆ. ಬೇಡ ಎನ್ನಲಿಲ್ಲ ಅವಳು.

12 ವಾರದ ನಂತರ ಮತ್ತೆ ಪರೀಕ್ಷೆ ಮಾಡಿದರು. 19 ಸೆಕೆಂಡ್ ಇದ್ದಿದ್ದು 13ಕ್ಕೆ ಬಂತು. ಅಪಾಯ ಪೂರ್ತಿ ಹೋಗಿಲ್ಲ, ವ್ಯಾಯಾಮ ನಿಲ್ಲಿಸಬೇಡಿ ಎಂದರು. ನಿಂತಾಗಲೂ ಬಿಪಿ ಅಷ್ಟೇನೂ ಇಳಿಯುತ್ತಿರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಗ್ಗೆ ಏಳು ಗಂಟೆಗೆ ಅಮ್ಮನ ಫೋನ್ ಬಂತು.

"ನಿನ್ನೆ ರಾತ್ರಿ ಬಿದ್ದೆ ಕಣೇ" ಎಂದಳು. ನನ್ನ ಎದೆ ಧಸಕ್ಕೆಂದಿತು. "ಗಾಬರಿ ಆಗಬೇಡ. ಚಪ್ಪಲಿ ಸಿಕ್ಕಿಹಾಕಿಕೊಂಡಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಕುರ್ಚಿ ಹಿಡಿದು ನಾನೇ ಎದ್ದೆ. ನರ್ಸ್‌ಗೂ ಹೇಳಿದ್ದೀನಿ, ಹತ್ತು ಗಂಟೆಗೆ ನೋಡೋಕೆ ಬರ್ತಾರೆ."

"ನಾನೂ ಬರ್ತೀನಿ, ಈಗಲೇ ಹೊರಡ್ತೀನಿ" ಎಂದೆ.

"ಬಾ. ಆದರೆ ಸ್ವಲ್ಪ ನಿಧಾನಕ್ಕೆ ಬಾ. ನನ್ನ ಸ್ನಾನ ಇನ್ನೂ ಆಗಿಲ್ಲ."